ಪಳೆಯುಳಿಕೆ ಮೀನಿನ ಎರಡು ಹೋಳುಗಳಲ್ಲಿ ಮಸುಕಾದುದನ್ನು ಕೊಟ್ಟು ದೊಡ್ಡ ಮೀನನ್ನು ಪಡೆಯಬಹುದೇ?

ಕೊಡಬೇಡಿ. ಲೆಬನಾನಿನ ಹಾಕೆಲ್‌ನಿಂದ ಬಂದ ನಿಮ್ಮ ಮೀನು ಕಲ್ಲು ಸೀಳಿದಾಗ ಎರಡು ಹೋಳಾಗಿದೆ. ಕಪ್ಪಗೆ ಎದ್ದು ಕಾಣುವ ಹೋಳನ್ನು ಉಳಿಸಿಕೊಂಡು, ಬರಿಯ ಕಲೆಯಂತಿರುವ ಇನ್ನೊಂದನ್ನು ವ್ಯಾಪಾರಿಗೆ ಒಪ್ಪಿಸಿ, ಮೇಲೊಂದಿಷ್ಟು ಹಣ ಸೇರಿಸಿದರೆ ಎರಡು ಪಟ್ಟು ದೊಡ್ಡ ಮೀನು ಸಿಗುತ್ತದೆ ಎಂದು ಬರೆದಿದ್ದೀರಿ. ಸಂಗ್ರಹ ಆರಂಭಿಸಿದ ಹೊಸದರಲ್ಲಿ ನನ್ನ ಮುಂದೆಯೂ ವ್ಯಾಪಾರಿಯೊಬ್ಬರು ಇದೇ ಕೊಡುಕೊಳ್ಳುವಿಕೆಯನ್ನು ಇಟ್ಟಿದ್ದರು. ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೆ.

ನನ್ನದು ಅಮೆರಿಕದ ವಯೋಮಿಂಗ್‌ನ ಗ್ರೀನ್ ರಿವರ್ ಶಿಲಾಸ್ತರದ ಮೀನು. ಸುಮಾರು 5.2 ಕೋಟಿ ವರ್ಷಗಳ ಹಿಂದೆ, ಈಯೋಸೀನ್ ಕಾಲದಲ್ಲಿ, ಅಲ್ಲಿದ್ದ ಸರೋವರದ ತಳದಲ್ಲಿ ಸುಣ್ಣದ ಕೆಸರು ತೆಳ್ಳಗೆ ಪದರ ಪದರವಾಗಿ ಕುಳಿತು, ಸತ್ತ ಮೀನುಗಳನ್ನು ಕದಡದೆ ಮುಚ್ಚಿತು. ಕೆಮ್ಮೆರರ್ ಪಟ್ಟಣದ ಸುತ್ತಲಿನ ಗಣಿಗಳಲ್ಲಿ ಕೆಲಸ ಮಾಡುವವರು ಮುಖ್ಯವಾಗಿ ಎರಡು ಪದರಗಳನ್ನು ಹೆಸರಿಸುತ್ತಾರೆ. ಒಂದು ಹದಿನೆಂಟು ಅಂಗುಲದ ಪದರ. ಅದರಲ್ಲಿ ಮೀನಿನ ಮೇಲೆ ಕಲ್ಲಿನ ತೆಳು ಹೊದಿಕೆ ಉಳಿದುಕೊಳ್ಳುವುದರಿಂದ ಹಗಲಿನಲ್ಲಿ ಏನೂ ಕಾಣುವುದಿಲ್ಲ, ರಾತ್ರಿ ದೀಪವನ್ನು ಓರೆಯಾಗಿ ಹಿಡಿದಾಗ ಬೆನ್ನೆಲುಬಿನ ಉಬ್ಬು ನೆರಳು ಚೆಲ್ಲುತ್ತದೆ, ಆಮೇಲೆ ಆ ಹೊದಿಕೆಯನ್ನು ಸೂಜಿಯಿಂದ ಕೆರೆದು ಮೀನನ್ನು ಬಿಡಿಸಬೇಕು. ಇನ್ನೊಂದು ಸೀಳು ಮೀನಿನ ಪದರ. ಅಲ್ಲಿ ಕಲ್ಲು ಮೀನಿನ ನಡುವೆಯೇ ಬಿರಿದು ಎರಡಾಗುತ್ತದೆ. ನನ್ನ ಮೀನು ಈ ಎರಡನೆಯ ಬಗೆಯದು. ಅದು ಅಲ್ಲಿ ಹೇರಳವಾಗಿ ಸಿಗುವ, 1987ರಿಂದ ವಯೋಮಿಂಗ್‌ನ ರಾಜ್ಯ ಪಳೆಯುಳಿಕೆಯಾಗಿರುವ ನೈಟಿಯಾ ಅಲ್ಲ. ಬೆನ್ನಿನ ಮೇಲೆ ಗಟ್ಟಿ ಮುಳ್ಳುಗಳ ಸಾಲಿರುವ, ದುಂಡು ಮೈಯ ಪ್ರಿಸ್ಕಾಕಾರಾ ಎಂದು ಚೀಟಿಯಲ್ಲಿ ಬರೆದಿತ್ತು.

ಎರಡು ಹೋಳುಗಳೆಂದರೆ ಒಂದು ಮೀನು ಮತ್ತು ಅದರ ನಕಲು ಎಂದು ನಾನು ತಿಳಿದಿದ್ದೆ. ನಿಮ್ಮ ಪ್ರಶ್ನೆಯ ಒಳಗೆ ಇರುವುದೂ ಇದೇ ತಿಳಿವಳಿಕೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಲ್ಲು ಸೀಳುವಾಗ ಬಿರುಕು ತನಗೆ ಸುಲಭವಾದ ದಾರಿಯನ್ನು ಹಿಡಿಯುತ್ತದೆಯೇ ಹೊರತು ಮೀನಿನ ಮೇಲ್ಮೈಯನ್ನು ಗೌರವಿಸುವುದಿಲ್ಲ. ಅಂಟಿಸಿದ ಎರಡು ಕಾಗದಗಳನ್ನು ಕಿತ್ತಾಗ ಅಕ್ಷರಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ ಅಂಟಿಕೊಳ್ಳುವಂತೆ, ಮೂಳೆಗಳು ಎರಡೂ ಕಡೆಗೆ ಹಂಚಿಹೋಗುತ್ತವೆ. ದಪ್ಪನೆಯ ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಬಹುಪಾಲು ಒಂದೇ ಹೋಳಿನಲ್ಲಿ ಉಳಿಯಬಹುದು, ಹಾಗಾದಾಗ ಆ ಹೋಳು ಕಪ್ಪಾಗಿ, ಪೂರ್ತಿಯಾಗಿ, ಮಾರಾಟಕ್ಕೆ ಯೋಗ್ಯವಾಗಿ ಕಾಣುತ್ತದೆ. ಆದರೆ ತಲೆಯಲ್ಲಿರುವುದು ಒಂದರ ಮೇಲೊಂದು ಒರಗಿದ ತೆಳು ತಗಡಿನಂತಹ ಮೂಳೆಗಳು. ಅವುಗಳ ನಡುವೆ ಬಿರುಕು ಹಾದಾಗ ಹೊರಗಿನ ಮೂಳೆ ಒಂದು ಹೋಳಿಗೂ ಒಳಗಿನದು ಇನ್ನೊಂದಕ್ಕೂ ಹೋಗುತ್ತದೆ. ಮೂಳೆ ಹೋಗದಿದ್ದರೂ ಅದರ ಹೊರಮೈಯ ಅಚ್ಚು ಎದುರಿನ ಹೋಳಿನಲ್ಲಿ ಉಳಿಯುತ್ತದೆ. ಹುರುಪೆಗಳ ಗೆರೆಗಳು, ಮೂಳೆಯ ಅಂಚಿನ ಹಲ್ಲುಗಳು, ಈಜುರೆಕ್ಕೆಯ ಕಡ್ಡಿಗಳ ತುದಿ ಮುರಿದ ಮೂಳೆಗಿಂತ ಅಚ್ಚಿನಲ್ಲಿಯೇ ಹೆಚ್ಚು ಸ್ಪಷ್ಟವಾಗಿರುವುದು ಅಪರೂಪವೇನಲ್ಲ.

ನನ್ನ ಮೀನಿನಲ್ಲಿ ಆದದ್ದೂ ಇದೇ. ಮೈಯೆಲ್ಲ ನಾನು ಉಳಿಸಿಕೊಂಡ ಹೋಳಿನಲ್ಲಿತ್ತು, ಕೆನ್ನೆಯೆಲ್ಲ ನಾನು ಕೊಟ್ಟುಬಿಟ್ಟ ಹೋಳಿನಲ್ಲಿತ್ತು. ಪ್ರಿಸ್ಕಾಕಾರಾ ಎಂಬ ಒಂದೇ ಹೆಸರಿನಡಿ ಬಹುಕಾಲ ಇರಿಸಿದ್ದ ಎರಡು ಜಾತಿಗಳಲ್ಲಿ ಒಂದನ್ನು 2010ರಲ್ಲಿ ಕಾಕರೆಲೈಟಿಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಇವೆರಡನ್ನು ಬೇರ್ಪಡಿಸಲು ನೋಡುವ ಲಕ್ಷಣಗಳಲ್ಲಿ ಕಿವಿರಿನ ಮುಚ್ಚಳದ ಮುಂದಿರುವ ಮೂಳೆಯ ಹಿಂದಂಚು ಒಂದು. ಅದರಲ್ಲಿ ಗರಗಸದ ಹಲ್ಲುಗಳು ಎಷ್ಟು ಬಲವಾಗಿವೆ ಎಂಬುದನ್ನು ಪರೀಕ್ಷಿಸುತ್ತಾರೆ. ಈಜುರೆಕ್ಕೆಗಳ ಮೃದು ಕಡ್ಡಿಗಳನ್ನು ಎಣಿಸಿಯೂ ನಿರ್ಧರಿಸಬಹುದು, ಆದರೆ ನನ್ನ ಹೋಳಿನಲ್ಲಿ ಬೆನ್ನಿನ ಈಜುರೆಕ್ಕೆಯ ಹಿಂಭಾಗ ಬಿರುಕಿಗೆ ಸಿಕ್ಕಿ, ಯಾರೋ ಗಾರೆ ತುಂಬಿ ಬಣ್ಣ ಹಚ್ಚಿದ ಜಾಗದಲ್ಲಿತ್ತು. ಆ ಜಾಗದ ಕಡ್ಡಿಗಳೂ ಎದುರಿನ ಹೋಳಿನಲ್ಲಿ ಅಚ್ಚಾಗಿ ಇದ್ದವು ಎಂದು ಹಳೆಯದೊಂದು ಮಸುಕು ಛಾಯಾಚಿತ್ರದಿಂದ ಊಹಿಸಬಲ್ಲೆ, ಎಣಿಸಲಾರೆ. ಮೀನುಗಳ ಪಳೆಯುಳಿಕೆಗಳನ್ನು ಅಧ್ಯಯನ ಮಾಡುವವರೊಬ್ಬರು ನನ್ನ ಹೋಳನ್ನು ತಿರುಗಿಸಿ ನೋಡಿ, ‘ಇದರ ಎದುರು ಹೋಳು ಎಲ್ಲಿದೆ?’ ಎಂದು ಕೇಳಿದರು. ಅವರಿಗೆ ಬೇರೆ ಯಾವ ಪ್ರಶ್ನೆಯೂ ಇರಲಿಲ್ಲ. ನಾನು ವಿಷಯ ಹೇಳಿದ ಮೇಲೆ ಅವರು ಹೋಳನ್ನು ಪೆಟ್ಟಿಗೆಯಲ್ಲಿಟ್ಟು ವಾಪಸು ಕೊಟ್ಟರು.

ವ್ಯಾಪಾರಿಯ ಬಳಿ ಮರಳಿ ಹೋದೆ. ಆ ಹೋಳನ್ನು ಅವರು ಅಂಚು ಕತ್ತರಿಸಿ ಚೌಕಟ್ಟು ಹಾಕಿ ಮಾರಿದ್ದರು. ಚೀಟಿ ಅದರ ಜೊತೆ ಹೋಗಿರಲಿಲ್ಲ, ಏಕೆಂದರೆ ಒಂದೇ ಒಂದು ಚೀಟಿ ಇತ್ತು, ಅದು ನನ್ನ ಬಳಿಯೇ ಉಳಿದಿತ್ತು. ಈಗ ಅದು ಯಾರದೋ ಗೋಡೆಯ ಮೇಲೆ ಊರು, ಪದರ, ಹೆಸರು ಏನೂ ಇಲ್ಲದ ಮಸುಕು ಮೀನಾಗಿ ತೂಗುತ್ತಿರಬೇಕು. ಕಂಡರೂ ನಾನು ಗುರುತಿಸುವುದು ಕಷ್ಟ, ಏಕೆಂದರೆ ಎರಡು ಹೋಳುಗಳ ಅಂಚುಗಳು ಒಂದಕ್ಕೊಂದು ಕೂಡುವುದೇ ಗುರುತು, ಆ ಅಂಚನ್ನೇ ಗರಗಸ ತಿಂದುಹಾಕಿದೆ. ಹಣದ ನಷ್ಟ ಇದರ ಮುಂದೆ ಸಣ್ಣದು. ಬದಲಿಗೆ ಪಡೆದ ದೊಡ್ಡ ಮೀನು ಡಿಪ್ಲೊಮಿಸ್ಟಸ್‌ನ ಬಾಲದ ಅರ್ಧ ಭಾಗ ಬಣ್ಣ ಕರಗಿಸುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಗೆ ಕಂದು ಬಣ್ಣವಾಗಿ ಇಳಿದು ಬಂತು ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಇದು ಹವ್ಯಾಸಿಗಳ ಮಟ್ಟದಲ್ಲಿ ಮಾತ್ರ ಆಗುವ ಸಂಗತಿ ಎಂದುಕೊಳ್ಳಬೇಡಿ. ಜರ್ಮನಿಯ ಮೆಸೆಲ್ ಕುಳಿಯಲ್ಲಿ 1983ರಲ್ಲಿ ಸಿಕ್ಕ, 4.7 ಕೋಟಿ ವರ್ಷ ಹಳೆಯ ಸಸ್ತನಿಯೊಂದರ ಎರಡು ಹೋಳುಗಳು ಹೀಗೆಯೇ ಅಗಲಿದವು. ಅದು ಮೀನಲ್ಲ, ಆದರೆ ಅಗಲಿಕೆಯ ಕಥೆ ಒಂದೇ. ಕಡಿಮೆ ಪೂರ್ಣವಾಗಿದ್ದ ಹೋಳಿಗೆ ಇಲ್ಲದ ಭಾಗಗಳನ್ನು ಕೃತಕವಾಗಿ ಕಟ್ಟಿ ಸೇರಿಸಿ ಅಮೆರಿಕದ ಖಾಸಗಿ ಸಂಗ್ರಹಾಲಯವೊಂದಕ್ಕೆ ಮಾರಿದರು. ಪೂರ್ಣವಾದ ಹೋಳು ಖಾಸಗಿ ಕೈಗಳಲ್ಲಿದ್ದು 2007ರಲ್ಲಿ ಓಸ್ಲೋದ ಪ್ರಕೃತಿ ಸಂಗ್ರಹಾಲಯವನ್ನು ಸೇರಿತು. ಎರಡನ್ನೂ ಜೊತೆಯಾಗಿ ಪರಿಗಣಿಸಿ ಡಾರ್ವಿನಿಯಸ್ ಎಂಬ ಹೆಸರಿನಲ್ಲಿ ವರ್ಣಿಸುವ ಹೊತ್ತಿಗೆ 2009 ಆಗಿತ್ತು.

ನಿಮ್ಮ ಪ್ರಶ್ನೆಯ ತಳದಲ್ಲಿರುವ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ದೊಡ್ಡದು, ಕಪ್ಪಗಿನದು, ಪೂರ್ತಿಯಾದುದು ಮೇಲು ಎಂಬ ಲೆಕ್ಕ ಅಂಗಡಿಯದು. ಸ್ಕಾಟ್ಲೆಂಡಿನ ಅಕನಾರಸ್ ಗಣಿಯ ಪೇಲಿಯೋಸ್ಪಾಂಡೈಲಸ್ ಎಂಬ, ಸುಮಾರು 39 ಕೋಟಿ ವರ್ಷ ಹಿಂದಿನ ಡೆವೋನಿಯನ್ ಕಾಲದ ಜೀವಿ ಕೆಲವೇ ಸೆಂಟಿಮೀಟರ್ ಉದ್ದದ್ದು, ನೋಡಲು ಕಲ್ಲಿನ ಮೇಲಿನ ಇದ್ದಿಲಿನ ಗೀರು. 1890ರಲ್ಲಿ ಅದಕ್ಕೆ ಹೆಸರಿಟ್ಟಂದಿನಿಂದ ಅದು ಯಾವ ಗುಂಪಿಗೆ ಸೇರಿದ್ದು ಎಂಬ ಜಗಳ ಶತಮಾನ ದಾಟಿ ನಡೆಯಿತು. 2022ರಲ್ಲಿ ಜಪಾನಿನ ಸಂಶೋಧಕರ ನೇತೃತ್ವದಲ್ಲಿ ಅದನ್ನು ಸಿಂಕ್ರೋಟ್ರಾನ್ ಎಂಬ ಕಣವೇಗವರ್ಧಕದ ಪ್ರಬಲ ಕ್ಷ-ಕಿರಣಗಳಿಂದ ಮತ್ತೆ ಪರೀಕ್ಷಿಸಿದಾಗ ಅವರು ಆರಿಸಿಕೊಂಡದ್ದು ಚೆನ್ನಾಗಿ ಬಿಡಿಸಿಟ್ಟ ಮಾದರಿಗಳನ್ನಲ್ಲ, ತಲೆ ಇನ್ನೂ ಕಲ್ಲಿನೊಳಗೇ ಹುದುಗಿದ್ದ ಮಾದರಿಗಳನ್ನು. ಬಿಡಿಸಿದವುಗಳಲ್ಲಿ ಮೇಲ್ಮೈ ಸವೆದಿರುತ್ತದೆ. ಅಂಗಡಿಯಲ್ಲಿ ಯಾರೂ ಕೈಗೆತ್ತಿಕೊಳ್ಳದ ಮಾದರಿಗಳು ಅವು.

ಮೆಚ್ಚಿ ನೋಡುವ ಸುಖದ ಲೆಕ್ಕದಲ್ಲಿಯೂ ನಿಮ್ಮ ಮಸುಕು ಹೋಳು ಕಡಿಮೆಯದಲ್ಲ. ಕೋಣೆಯ ದೀಪ ಆರಿಸಿ, ಸಣ್ಣ ಕೈದೀಪವನ್ನು ಕಲ್ಲಿನ ಅಂಚಿಗೆ ಸಮನಾಗಿ ಮಲಗಿಸಿ ಹಿಡಿಯಿರಿ. ಬೆಳಕನ್ನು ನಿಧಾನವಾಗಿ ತಲೆಯಿಂದ ಬಾಲದ ಕಡೆಗೆ ಸುತ್ತಿಸಿದರೆ ಕಲೆ ಎಂದುಕೊಂಡದ್ದರಲ್ಲಿ ಹುರುಪೆಗಳ ಸಾಲು, ಕಣ್ಣಿನ ಗುಳಿ, ಈಜುರೆಕ್ಕೆಯ ಬುಡಗಳು ಒಂದೊಂದಾಗಿ ಏಳುತ್ತವೆ. ಹಾಕೆಲ್‌ನ ಸುಣ್ಣಗಲ್ಲು ಸುಮಾರು 9.5 ಕೋಟಿ ವರ್ಷ ಹಳೆಯದು, ಕಣ ಬಹಳ ನಯ. ಇಂತಹ ಕಲ್ಲು ಅಚ್ಚನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ಒಂಬತ್ತನೆಯ ಲೂಯಿ ಧರ್ಮಯುದ್ಧಕ್ಕೆಂದು ಆ ಕರಾವಳಿಯ ಸೈದಾದಲ್ಲಿ ಬೀಡುಬಿಟ್ಟಿದ್ದಾಗ, ಪದರಗಳಾಗಿ ಏಳುವ ಕಲ್ಲೊಂದನ್ನು ಯಾರೋ ತಂದು ಒಪ್ಪಿಸಿದರು, ಪದರವನ್ನು ಎತ್ತಿದಾಗ ಎರಡು ಕಲ್ಲುಗಳ ನಡುವೆ ಕಡಲ ಮೀನಿನ ಆಕಾರವಿತ್ತು ಎಂದು ರಾಜನ ಒಡನಾಡಿ ಬರೆದಿಟ್ಟಿದ್ದಾನೆ. ಆತನ ಬೆರಗು ಇದ್ದದ್ದು ಆ ಎರಡು ಕಲ್ಲುಗಳ ನಡುವಿನಲ್ಲಿ, ಒಂದರಲ್ಲಿ ಅಲ್ಲ.

ಮಸುಕು ಹೋಳನ್ನು ಕಪ್ಪಾಗಿಸುವ ಆಸೆಯಿಂದ ವಾರ್ನಿಷ್ ಬಳಿಯಲು ಮಾತ್ರ ಹೋಗಬೇಡಿ. ಬಳಿದ ದಿನ ಅದು ಒದ್ದೆ ಕಲ್ಲಿನಂತೆ ಹೊಳೆಯುತ್ತದೆ, ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಸುಲಿದು ಏಳುವಾಗ ಹುರುಪೆಗಳನ್ನೂ ಜೊತೆಗೆ ಎಬ್ಬಿಸುತ್ತದೆ; ಅಚ್ಚಿನ ಸೂಕ್ಷ್ಮ ತಗ್ಗುಗಳು ತುಂಬಿಹೋದರೆ ಓರೆ ಬೆಳಕಿಗೂ ಕಾಣುವುದೇನೂ ಉಳಿಯುವುದಿಲ್ಲ. ಮೂಳೆ ನಿಜವಾಗಿಯೂ ಪುಡಿಯಾಗುತ್ತಿದ್ದರೆ ಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ಅಸಿಟೋನ್‌ನಲ್ಲಿ ಬಹಳ ತೆಳುವಾಗಿ ಕರಗಿಸಿ, ಪುಡಿಯಾಗುವ ಜಾಗಕ್ಕೆ ಮಾತ್ರ ಹನಿಸಿ. ಮುಂದೆ ಯಾರಾದರೂ ಅದೇ ಅಸಿಟೋನ್‌ನಿಂದ ಅದನ್ನು ತೆಗೆಯಬಹುದು. ಪುಡಿಯಾಗದಿದ್ದರೆ ಏನನ್ನೂ ಹಚ್ಚಬೇಡಿ. ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸುವುದಕ್ಕೂ ಇದೇ ಮಾತು.

ಜಾಗದ ಕೊರತೆಯನ್ನು ನೀವು ಕಾರಣವಾಗಿ ಕೊಟ್ಟಿದ್ದೀರಿ. ಹಾಗಿದ್ದರೆ ದೊಡ್ಡ ಮೀನು ಅದನ್ನು ಹೇಗೆ ಪರಿಹರಿಸುತ್ತದೆ ಎಂಬುದು ನನಗೆ ಅರ್ಥವಾಗಲಿಲ್ಲ. ಎರಡು ಹೋಳುಗಳನ್ನು ಪುಸ್ತಕದಂತೆ ಮುಚ್ಚಿ ಒಂದರ ಮೇಲೊಂದು ಇಟ್ಟು ಜಾಗ ಉಳಿಸುವ ಉಪಾಯ ಕೆಲವರು ಹೇಳುತ್ತಾರೆ, ಅದನ್ನೂ ಮಾಡಬೇಡಿ. ಮೂಳೆಗೆ ಮೂಳೆ ಉಜ್ಜಿ ಎರಡೂ ಸವೆಯುತ್ತವೆ. ಆಳವಿಲ್ಲದ ಎರಡು ತಟ್ಟೆಗಳಲ್ಲಿ, ಆಮ್ಲರಹಿತ ಕಾಗದದ ಮೇಲೆ, ಮೀನು ಮೇಲ್ಮುಖವಾಗಿರುವಂತೆ ಮಲಗಿಸಿದರೆ ಒಂದೇ ಸೆಳೆಖಾನೆಯಲ್ಲಿ ಎರಡೂ ಹಿಡಿಯುತ್ತವೆ. ಅಷ್ಟೂ ಜಾಗವಿಲ್ಲದಿದ್ದರೆ ಸಂಗ್ರಹದಲ್ಲಿರುವ ಬೇರೆ ಯಾವುದಾದರೂ ಒಂದು ಹೋಳಿನ ಮೀನನ್ನು ಮಾರಿ, ಅಥವಾ ಈ ಜೋಡಿಯನ್ನು ಜೋಡಿಯಾಗಿಯೇ ಸಂಗ್ರಹಾಲಯವೊಂದಕ್ಕೆ ಕೊಟ್ಟುಬಿಡಿ. ಕೊಡುವ ಮುನ್ನ ಮೀನು ಯಾವ ದೇಶದಿಂದ ಹೇಗೆ ಬಂತೆಂಬ ಕಾಗದ ನೋಡಿಕೊಳ್ಳಿ. ಬ್ರೆಜಿಲ್‌ನಂತಹ ದೇಶದಲ್ಲಿ 1942ರ ಕಾನೂನಿನ ಪ್ರಕಾರ ಪಳೆಯುಳಿಕೆಗಳು ರಾಷ್ಟ್ರದ ಸ್ವತ್ತು, ಅಲ್ಲಿಂದ ಅನುಮತಿಯಿಲ್ಲದೆ ಹೊರಬಂದ ಮೀನನ್ನು ಒಳ್ಳೆಯ ಸಂಗ್ರಹಾಲಯ ಸ್ವೀಕರಿಸುವುದಿಲ್ಲ.

ವ್ಯಾಪಾರಿಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡಿ. ಎರಡೂ ಹೋಳುಗಳ ಹಿಂಬದಿಯಲ್ಲಿ, ಮೀನಿಲ್ಲದ ಮೂಲೆಯಲ್ಲಿ, ಪ್ಯಾರಾಲಾಯ್ಡ್‌ನ ಸಣ್ಣ ಪಟ್ಟಿ ಬಳಿದು ಒಣಗಿಸಿ, ಅದರ ಮೇಲೆ ಮಾಸದ ಶಾಯಿಯಿಂದ ಒಂದೇ ಸಂಖ್ಯೆಯನ್ನು ಬರೆದು ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಸೇರಿಸಿ. ಸಿಕ್ಕ ಜಾಗ, ಶಿಲಾಸ್ತರ, ಕೊಂಡ ದಿನಾಂಕ, ಯಾರಿಂದ ಬಂತು ಎಂಬ ವಿವರವಿರುವ ಚೀಟಿಯ ಎರಡು ಪ್ರತಿ ಮಾಡಿ ಎರಡೂ ತಟ್ಟೆಗಳಲ್ಲಿ ಇಡಿ. ಹೋಳುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಳತೆಪಟ್ಟಿಯೂ ಕಾಣುವಂತೆ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಓರೆ ಬೆಳಕು ಬಿಟ್ಟು ಛಾಯಾಚಿತ್ರ ತೆಗೆಯಿರಿ. ಆ ಚಿತ್ರಗಳನ್ನು ಇಲ್ಲಿ ಹಾಕಿದರೆ ತಲೆಯ ಮೂಳೆಗಳು ಯಾವ ಹೋಳಿನಲ್ಲಿ ಉಳಿದಿವೆ ಎಂಬುದನ್ನು ನಾನೂ ನೋಡಿ ಹೇಳುತ್ತೇನೆ.