ಸಂತೆ ತಪ್ಪಿದ ವಾರ ಏನು ತಿನ್ನಿಸುವುದು?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ನಾನು, ನನ್ನ ಗಂಡ ಇಬ್ಬರೂ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತೇವೆ. ಎಂಟನೇ ತರಗತಿ ಓದುವ ಮಗಳಿಗೆ ರಕ್ತ ಕಡಿಮೆಯಿದೆ ಎಂದು ತಿಳಿದಾಗ, ತಪಾಸಣೆ ಮಾಡಿದವರು ಹಾಲು, ಹಣ್ಣು, ತರಕಾರಿ ಕೊಡದೆ ಬರೀ ಅನ್ನ ಹಾಕುತ್ತೀರಿ ಎಂದು ನಮ್ಮನ್ನು ಬೈದು ಕಳಿಸಿದರು. ಪಡಿತರ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಉಳಿದದ್ದನ್ನು ಎಲ್ಲಿಂದ ತರಬೇಕು? ತಪ್ಪು ನಮ್ಮದೇ?

ಉತ್ತರ: ಇಲ್ಲ ತಾಯಿ, ತಪ್ಪು ನಿಮ್ಮದಲ್ಲ. ಬೈಯುವ ಮೊದಲು ಅವರು ನಿಮ್ಮ ವಾರದ ಲೆಕ್ಕವನ್ನು ಕೇಳಬೇಕಿತ್ತು. ತರಕಾರಿ ಬರುವುದು ಸಂತೆಯಿಂದ, ಸಂತೆಗೆ ಹೋಗುವುದು ಕೂಲಿ ಕೈಗೆ ಬಂದರೆ ಮಾತ್ರ. ಬಟವಾಡೆ ಎರಡು ದಿನ ತಡವಾದರೆ ಆ ವಾರ ಬದನೆಕಾಯಿಯೂ ಇಲ್ಲ, ಸೊಪ್ಪೂ ಇಲ್ಲ. ಓಣಿಯ ಕಿರಾಣಿ ಅಂಗಡಿಯಲ್ಲಿ ಉದ್ದರಿ ಸಿಗುವುದು ಎಣ್ಣೆ, ಬೇಳೆ, ಚಹಾಪುಡಿಗೇ ಹೊರತು ಸೊಪ್ಪಿಗಲ್ಲ. ಆ ಬೇಳೆಯನ್ನೂ ನೂರು ಗ್ರಾಂ, ಇನ್ನೂರು ಗ್ರಾಂ ಎಂದು ತರುವವರು ಕಿಲೋಗಟ್ಟಲೆ ಕೊಳ್ಳುವವರಿಗಿಂತ ಹೆಚ್ಚಿನ ದರವನ್ನೇ ತೆರುತ್ತಾರೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬರುವ ಮುಂಚೆ ನಿಮ್ಮ ಭಾಗದ ಹೊಲಗಳಲ್ಲಿ ಜೋಳ, ಸಜ್ಜೆ, ಅವುಗಳ ಸಾಲಿನ ನಡುವೆ ಹೆಸರು, ಅಲಸಂದಿ, ಮಡಿಕೆ ಬೆಳೆಯುತ್ತಿದ್ದವು, ಸುಗ್ಗಿಯಲ್ಲಿ ಕೂಲಿಯವರ ಮನೆಗೂ ಅದರಲ್ಲಿ ಒಂದಿಷ್ಟು ಕಾಳು ಬರುತ್ತಿತ್ತು. ಈಗ ಸಿಂಧನೂರು, ಗಂಗಾವತಿ, ಸಿರುಗುಪ್ಪದ ನೀರಾವರಿ ನೆಲದಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಹಾಗೆಂದು ದಿನವೂ ರೊಟ್ಟಿ ಮಾಡಿ ಎಂದು ಹೇಳಲು ನನಗೆ ಮನಸ್ಸು ಬಾರದು. ಹೊತ್ತು ಮುಳುಗಿದ ಮೇಲೆ ಕೆಸರು ಕಾಲಿನಲ್ಲಿ ಮನೆಗೆ ಬಂದವರು ನಾಲ್ಕು ಜನಕ್ಕೆ ರೊಟ್ಟಿ ಬಡಿಯಲು ಒಂದು ತಾಸು ಒಲೆಯ ಮುಂದೆ ಕೂರಬೇಕು. ಅನ್ನವಾದರೆ ಇಟ್ಟು ಬಿಟ್ಟರೆ ತಾನೇ ಬೇಯುತ್ತದೆ.

ಆದ್ದರಿಂದ ಕೆಲಸವಿಲ್ಲದ ದಿನ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿಗಳನ್ನು ಒಮ್ಮೆಗೇ ಬಡಿದಿಡಿ, ಅವು ವಾರಗಟ್ಟಲೆ ಕೆಡುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ ಕೊಂಬೆ ನೆಟ್ಟರೆ ಸಂತೆ ತಪ್ಪಿದ ವಾರಕ್ಕೆ ಸೊಪ್ಪಾಗುತ್ತದೆ. ಅನ್ನ ಮಾಡಿದ ದಿನ ಮೊಳಕೆ ಬಂದ ಹೆಸರುಕಾಳಿನ ಪಲ್ಲೆಯ ಮೇಲೆ ನಿಂಬೆಹಣ್ಣು ಹಿಂಡಿ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯನ್ನೋ ಗುರೆಳ್ಳು ಪುಡಿಯನ್ನೋ ಇಡಿ. ನಿಂಬೆಯ ಹುಳಿ ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ, ಊಟದ ಜೊತೆಗೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಆದರೆ ರಕ್ತ ಕಡಿಮೆಯಾದ ಮೇಲೆ ಆಹಾರವೊಂದೇ ಸಾಲದು. ವೈದ್ಯರು ಹೇಳಿದಷ್ಟು ದಿನ ಕಬ್ಬಿಣದ ಮಾತ್ರೆಯನ್ನೂ, ಶಾಲೆಯಲ್ಲಿ ವರ್ಷಕ್ಕೆರಡು ಬಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಮೊದಲು ಆರಂಭವಾದದ್ದೇ ರಾಯಚೂರು, ಕೊಪ್ಪಳ, ಬಳ್ಳಾರಿಯಂತಹ ಜಿಲ್ಲೆಗಳಲ್ಲಿ, ಇಲ್ಲಿನ ಮಕ್ಕಳ ಅಪೌಷ್ಟಿಕತೆಯನ್ನು ಕಂಡು. ಅದು ನಿಮ್ಮ ಮಗಳ ಹಕ್ಕು, ನಾಚಿಕೆಯಿಲ್ಲದೆ ತಿನ್ನಲು ಹೇಳಿ. ಇನ್ನೊಂದು ಮಾತು, ತಾಯಿ: ಎಲ್ಲರೂ ಉಂಡ ಮೇಲೆ ಉಳಿದದ್ದರಲ್ಲಿ ನೀವೂ ಮಗಳೂ ಉಣ್ಣುವ ರೂಢಿಯಿದ್ದರೆ, ಇಂದಿನಿಂದಲೇ ಅದನ್ನು ಬಿಡಿ.

ಪ್ರಶ್ನೆ: ಕೊಪ್ಪಳದಿಂದ ಬೆಂಗಳೂರಿಗೆ ಗುಳೆ ಹೋಗುತ್ತೇವೆ. ಸೊಸೆ ಬಸುರಿ, ಮೂರು ವರ್ಷದ ಮೊಮ್ಮಗನಿದ್ದಾನೆ. ಊರಿನ ಅಂಗನವಾಡಿ ಊಟ ತಪ್ಪುತ್ತದಲ್ಲ?

ಉತ್ತರ: ತಪ್ಪಬೇಕಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಗರ್ಭಿಣಿಯರಿಗೂ ಆರು ವರ್ಷದವರೆಗಿನ ಮಕ್ಕಳಿಗೂ ಅಂಗನವಾಡಿಯ ಆಹಾರ ಸಿಗಬೇಕು. ಬೆಂಗಳೂರಿಗೆ ಹೋದ ಮೊದಲ ವಾರದಲ್ಲೇ, ಕಟ್ಟಡ ಕೆಲಸದ ಶೆಡ್ಡಿಗೆ ಹತ್ತಿರವಿರುವ ಅಂಗನವಾಡಿ ಕೇಂದ್ರಕ್ಕೆ ತಾಯಿ ಕಾರ್ಡ್ ಮತ್ತು ಆಧಾರ್ ಒಯ್ದು ಹೆಸರು ಬರೆಸಿ. ಪಡಿತರ ಚೀಟಿಯನ್ನು ಊರಲ್ಲಿ ಬಿಟ್ಟು ಹೋಗಬೇಡಿ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು.