ಫ್ಲೂ ಲಸಿಕೆ ಮೊದಲು ಯಾರಿಗೆ?

ಪ್ರಶ್ನೆ: ಫ್ಲೂನಿಂದ ಜೀವಕ್ಕೆ ಅಪಾಯ ಹೆಚ್ಚಿರುವುದು ವಯಸ್ಸಾದವರಿಗೆ. ಆದರೂ ಗಣಿತದ ಮಾದರಿಗಳು ಶಾಲೆ ಮಕ್ಕಳಿಗೆ ಮೊದಲು ಲಸಿಕೆ ಹಾಕಿ ಎನ್ನುತ್ತವಂತೆ, ಯಾಕೆ? ನಮ್ಮಲ್ಲಿ 72 ವರ್ಷದ ಅತ್ತೆ, 7 ವರ್ಷದ ಮಗ ಇದ್ದಾರೆ.
– ಓದುಗರೊಬ್ಬರು, ಕಾಪು

ಉತ್ತರ: ಯಾರಿಂದ ಯಾರಿಗೆ ಸೋಂಕು ದಾಟುತ್ತದೆ ಎಂಬುದೇ ಈ ಮಾದರಿಗಳ ಮೂಲ. ಉದಾಹರಣೆಗೆಂದೇ ಆರಿಸಿದ ಅಂಕಿಗಳಲ್ಲಿ ನೋಡೋಣ. ಊರಿನಲ್ಲಿ ಮಕ್ಕಳೂ ಹಿರಿಯರೂ ಸಮಸಂಖ್ಯೆಯಲ್ಲಿದ್ದಾರೆ ಎನ್ನಿ. ಸೋಂಕು ತಗುಲಿದ ಒಂದು ಮಗುವಿನಿಂದ ಸರಾಸರಿ 1.2 ಮಕ್ಕಳಿಗೆ, 0.3 ಹಿರಿಯರಿಗೆ ಜ್ವರ ಹರಡುತ್ತದೆ. ಒಬ್ಬ ಹಿರಿಯರಿಂದ 0.2 ಮಕ್ಕಳಿಗೆ, 0.4 ಹಿರಿಯರಿಗೆ. ಈ ನಾಲ್ಕನ್ನು ಮ್ಯಾಟ್ರಿಕ್ಸ್ (ಸಾಲು-ಕಂಬಗಳ ಅಂಕಿಚೌಕ) ಮಾಡಿ ಅದರ ದೊಡ್ಡ ಐಗನ್ ಮೌಲ್ಯ, ಅಂದರೆ ಪ್ರತಿ ಸುತ್ತಿನಲ್ಲಿ ಸೋಂಕಿತರು ಒಟ್ಟಾರೆ ಎಷ್ಟು ಪಟ್ಟಾಗುತ್ತಾರೆ ಎಂಬ ಅಂಕಿ, ತೆಗೆದರೆ 1.27. ಅದು 1ಕ್ಕಿಂತ ಮೇಲಿರುವಷ್ಟು ಕಾಲ ರೋಗ ಬೆಳೆಯುತ್ತದೆ. ಶೇ 50ರಷ್ಟು ಕೆಲಸ ಮಾಡುವ ಲಸಿಕೆಯನ್ನು ಹಿರಿಯರಲ್ಲಿ ಶೇ 60 ಮಂದಿಗೆ ಕೊಟ್ಟರೆ 1.24ಕ್ಕೆ ಮಾತ್ರ ಇಳಿಯುತ್ತದೆ. ಅಷ್ಟೇ ಡೋಸ್ ಮಕ್ಕಳಿಗೆ ಹೋದರೆ 0.92! ಜ್ವರ ತಾನಾಗಿ ಅಡಗುತ್ತದೆ, ಲಸಿಕೆ ಸಿಗದ ಹಿರಿಯರೂ ಪಾರಾಗುತ್ತಾರೆ. ಜಪಾನ್ 1962ರಿಂದ 1994ರವರೆಗೆ ಶಾಲೆ ಮಕ್ಕಳಿಗೆ ಲಸಿಕೆ ಹಾಕಿದ ಅವಧಿಯಲ್ಲಿ ಹಿರಿಯರ ಸಾವು ತಗ್ಗಿತ್ತೆಂದು 2001ರ ವಿಶ್ಲೇಷಣೆಯೊಂದು ತೋರಿಸಿದೆ.

ಲೆಕ್ಕ ಕೈಕೊಡುವುದೂ ಉಂಟು. ಡೋಸ್ ತೀರಾ ಕಡಿಮೆಯಿದ್ದರೆ, ಅಥವಾ ಜ್ವರ ಆಗಲೇ ಊರೆಲ್ಲ ಹಬ್ಬಿದ್ದರೆ, ಹರಡುವಿಕೆ ನಿಲ್ಲಿಸಲು ಆಗದು. ಆಗ ಅಪಾಯದಲ್ಲಿರುವವರಿಗೇ ನೇರವಾಗಿ ಕೊಡಬೇಕು. ಇನ್ನೊಂದು ತೊಡಕು ಸಂಪರ್ಕದ, ಅಂದರೆ ಯಾವ ವಯಸ್ಸಿನವರು ಯಾರೊಂದಿಗೆ ಎಷ್ಟು ಬೆರೆಯುತ್ತಾರೆ ಎಂಬ ಅಂಕಿಗಳದ್ದು. 2008ರಲ್ಲಿ ಪ್ರಕಟವಾದ, ಇಂದಿಗೂ ಬಹಳ ಬಳಕೆಯಲ್ಲಿರುವ ಸಮೀಕ್ಷೆ ಯುರೋಪಿನ 8 ದೇಶಗಳದ್ದು. ಅಜ್ಜಿಯ ಪಕ್ಕದಲ್ಲೇ ಮೊಮ್ಮಗ ಮಲಗುವ ನಮ್ಮ ಮನೆಗಳಲ್ಲಿ ಮಗುವಿನಿಂದ ಹಿರಿಯರಿಗೆ ದಾಟುವ ಆ 0.3 ಹೆಚ್ಚಾದೀತು. ನಮ್ಮೂರಿನ ಸಮೀಕ್ಷೆಯಿಲ್ಲದೆ ಯುರೋಪಿನ ಅಂಕಿಗಳನ್ನು ಉಡುಪಿಗೆ ಹಾಗೇ ಹೊಂದಿಸಬಾರದು.

ಇದು ಊರಿನ ಲೆಕ್ಕ, ಮನೆಯದ್ದಲ್ಲ. ನಿಮ್ಮಲ್ಲಿ ಇಬ್ಬರಿಗೂ ಹಾಕಿಸಿ. ಒಬ್ಬರಿಗೇ ಸಾಧ್ಯವಾದರೆ ಅತ್ತೆಯವರಿಗೆ. ಮಗನಿಗೆ ಇದು ಮೊದಲ ಸಲವಾದರೆ 4 ವಾರಗಳ ಅಂತರದಲ್ಲಿ 2 ಡೋಸ್ ಬೇಕು, ರಕ್ಷಣೆ ಮೂಡಲು ಮತ್ತೆ 2 ವಾರ. ಜೂನ್ ಮಳೆಯೊಂದಿಗೆ ಫ್ಲೂ ಏರುವುದರಿಂದ ಏಪ್ರಿಲ್ ಮಧ್ಯಕ್ಕೇ ಶುರು ಮಾಡಿ. ಅತ್ತೆಯವರಿಗೆ ಒಂದೇ ಡೋಸ್, ಮೇ ಮಧ್ಯದೊಳಗೆ. ಪೊಟ್ಟಣದ ಮೇಲೆ ಆ ವರ್ಷದ ವೈರಸ್ ತಳಿಗಳೇ ಇವೆಯೇ ನೋಡಿಕೊಳ್ಳಿ. ಔಷಧಿ ಅಂಗಡಿಯಿಂದ ಒಯ್ಯುವಾಗ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಲಿ, ಐಸ್ ನೇರವಾಗಿ ತಾಗದಿರಲಿ. ಒಮ್ಮೆ ಹೆಪ್ಪುಗಟ್ಟಿದ ಲಸಿಕೆಯನ್ನು ಬಳಸುವಂತಿಲ್ಲ.