ಟಿ.ವಿ.ಯಿಂದ ರೆಕಾರ್ಡ್ ಮಾಡಿದ ಹಳೆಯ ಚಿತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಬಂದ ಕಪ್ಪು-ಬಿಳುಪಿನ ಕನ್ನಡ ಚಿತ್ರವೊಂದನ್ನು ನಮ್ಮ ತಂದೆ ವಿ.ಸಿ.ಆರ್.ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಈಗ ಅಂತರ್ಜಾಲದಲ್ಲಿ ಸಿಗುವ ಪ್ರತಿ ನೋಡಲು ಸ್ವಚ್ಛವಾಗಿದ್ದರೂ ಅದರಲ್ಲಿ ಒಂದು ಹಾಡು ಮತ್ತು ಎರಡು ದೃಶ್ಯಗಳಿಲ್ಲ. ಟೇಪಿನ ಸಹಾಯದಿಂದ ಪೂರ್ಣ ಚಿತ್ರವನ್ನು ಮತ್ತೆ ಜೋಡಿಸಬಹುದೇ?
— ಓದುಗರು, ತುಮಕೂರು

ಉತ್ತರ: ಖಂಡಿತ ಜೋಡಿಸಬಹುದು. ಆದರೆ ಟೇಪಿನಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಮನೆಯ ವಿ.ಸಿ.ಆರ್.ಗಳಲ್ಲಿ ಬಳಸುತ್ತಿದ್ದ ವಿ.ಎಚ್.ಎಸ್. ಟೇಪು ಚಿತ್ರದ ಅಡ್ಡಗಲದಲ್ಲಿ ಸುಮಾರು 240 ಗೆರೆಗಳಷ್ಟು ವಿವರವನ್ನು ಮಾತ್ರ ಹಿಡಿಯಬಲ್ಲದು. ಹೀಗಾಗಿ ಸ್ವಚ್ಛ ಪ್ರತಿಯಲ್ಲಿರುವ ಭಾಗಗಳಿಗೆ ಟೇಪಿನ ಅಗತ್ಯವಿಲ್ಲ. ಬೇರೆಲ್ಲೂ ಸಿಗದ ಆ ಹಾಡು ಮತ್ತು ಆ ದೃಶ್ಯಗಳಿಗೆ ಮಾತ್ರ ಅದು ಅಮೂಲ್ಯ.

ಈ ವಿವೇಕಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಬ್ರಿಟನ್ನಿನದು. ‘ಡಾಕ್ಟರ್ ಹೂ’ ಟಿ.ವಿ. ಸರಣಿಯ ‘ದ ಡೀಮನ್ಸ್’ ಎಂಬ 1971ರ ಕಥೆಯ ಬಹುಪಾಲು ಕಂತುಗಳ ಬಣ್ಣದ ಮೂಲ ಟೇಪುಗಳು ಉಳಿದಿರಲಿಲ್ಲ. ಉಳಿದಿದ್ದದ್ದು ಕಪ್ಪು-ಬಿಳುಪಿನ ಫಿಲ್ಮ್ ಪ್ರತಿ. ಅಮೆರಿಕದಲ್ಲಿ ಮಾತ್ರ ಅಭಿಮಾನಿಯೊಬ್ಬರು ಟಿ.ವಿ. ಪ್ರಸಾರದಿಂದ ಅದನ್ನು ಬಣ್ಣದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. 1992ರಲ್ಲಿ ವಿವರವನ್ನು ಫಿಲ್ಮಿನಿಂದಲೂ ಬಣ್ಣವನ್ನು ಆ ಮಸುಕಾದ ಟೇಪಿನಿಂದಲೂ ಪಡೆದು, ಎರಡನ್ನೂ ಒಂದರ ಮೇಲೊಂದು ಕೂಡಿಸಿದರು. ಬಣ್ಣದ ಸೂಕ್ಷ್ಮತೆಯನ್ನು ನಮ್ಮ ಕಣ್ಣು ಅಷ್ಟಾಗಿ ಬೇಡುವುದಿಲ್ಲವಾದ್ದರಿಂದ ಫಲಿತಾಂಶ ಚೆನ್ನಾಗಿಯೇ ಬಂತು.

ಇನ್ನು ಕೆಲಸದ ಕ್ರಮ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಸ್ವಚ್ಛಗೊಳಿಸದೆ ಯಂತ್ರಕ್ಕೆ ಹಾಕಿದರೆ ಟೇಪೂ ಹರಿಯಬಹುದು, ಹೆಡ್ಡೂ ಹಾಳಾಗುತ್ತದೆ. ವಿ.ಸಿ.ಆರ್. ತಯಾರಿಕೆ 2016ರಲ್ಲೇ ನಿಂತುಹೋಗಿರುವುದರಿಂದ ಕೈಯಲ್ಲಿರುವ ಯಂತ್ರವನ್ನು ಜೋಪಾನ ಮಾಡಿ. ಟೇಪಿನ ಅಲುಗಾಟದಿಂದ ಗೆರೆಗಳು ಓರೆಯಾಗುವುದನ್ನು ಸರಿಪಡಿಸಲು ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ಬಳಸಿ, 720×576 ಪಿಕ್ಸೆಲ್ ಅಳತೆಯಲ್ಲಿ, ಏನೂ ನಷ್ಟವಾಗದ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಮಾದರಿಯಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಗಂಟೆಗೆ ಹತ್ತಾರು ಗಿಗಾಬೈಟ್ ಜಾಗ ಬೇಕಾಗುತ್ತದೆ, ಆದರೂ ಈ ಮೊದಲ ಕಡತವನ್ನು ಯಾವ ಕಾರಣಕ್ಕೂ ತಿದ್ದದೆ ಎರಡು ಕಡೆ ಇಡಿ. ತಿದ್ದುವುದೆಲ್ಲ ಅದರ ನಕಲಿನಲ್ಲಿ ನಡೆಯಲಿ.

ಅದೇ ಪ್ರಸಾರವನ್ನು ರೆಕಾರ್ಡ್ ಮಾಡಿಕೊಂಡವರು ಗುಬ್ಬಿಯಲ್ಲೋ ಶಿರಾದಲ್ಲೋ ಇದ್ದರೆ ಅವರನ್ನೂ ವಿಚಾರಿಸಿ. ನಿಮ್ಮ ಟೇಪಿನಲ್ಲಿ ಗೆರೆ ಬಿದ್ದ ಜಾಗದಲ್ಲೇ ಅವರ ಟೇಪಿನಲ್ಲೂ ಬಿದ್ದಿರುವ ಸಂಭವ ತೀರಾ ಕಡಿಮೆ. ಬೆಟ್ಟಗಳಿಂದ ಪ್ರತಿಫಲಿಸಿದ ತರಂಗದಿಂದ ಚಿತ್ರದ ಪಕ್ಕದಲ್ಲಿ ಮೂಡುವ ನೆರಳು ಕೂಡ ಊರಿಂದ ಊರಿಗೆ ಬೇರೆಯಾಗಿರುತ್ತದೆ. ಒಂದೇ ಪ್ರಸಾರದ ನಾಲ್ಕು ರೆಕಾರ್ಡಿಂಗ್‌ಗಳನ್ನು ಚೌಕಟ್ಟಿಗೆ ಚೌಕಟ್ಟು ಹೊಂದಿಸಿ ಸರಾಸರಿ ತೆಗೆದರೆ ಕಾಳು ಕಾಳಾಗಿ ಕಾಣುವ ಗೊಂದಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ನನ್ನ ಬಳಿಯ ಟೇಪು 138 ನಿಮಿಷ ಓಡುತ್ತದೆ, ಚಿತ್ರದ ಅವಧಿ 150 ನಿಮಿಷ ಎಂದು ದಾಖಲೆ ಹೇಳುತ್ತದೆ. 12 ನಿಮಿಷದ ದೃಶ್ಯಗಳನ್ನು ಕತ್ತರಿಸಿದ್ದಾರೆಯೇ?
— ಓದುಗರು, ಬಂಗಾರಪೇಟೆ

ಉತ್ತರ: ಅಷ್ಟು ಕತ್ತರಿಸಿರಲಾರರು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳ ವೇಗದ್ದು. ನಮ್ಮ ದೇಶದ ಪಾಲ್ ಪದ್ಧತಿಯ ಟಿ.ವಿ. 25 ಚೌಕಟ್ಟುಗಳದ್ದು. ಪ್ರಸಾರದಲ್ಲಿ ಚಿತ್ರವನ್ನು ಸಾಮಾನ್ಯವಾಗಿ ಆ ವೇಗಕ್ಕೇ ಓಡಿಸುತ್ತಿದ್ದುದರಿಂದ 150 ನಿಮಿಷದ ಚಿತ್ರ ಏನನ್ನೂ ಕತ್ತರಿಸದೆಯೂ 144 ನಿಮಿಷಕ್ಕೆ ಮುಗಿಯುತ್ತದೆ. ಉಳಿದ 6 ನಿಮಿಷವನ್ನಷ್ಟೇ ನೀವು ಹುಡುಕಬೇಕು. ಇದೇ ಕಾರಣದಿಂದ ಹಾಡುಗಳ ಶ್ರುತಿಯೂ ಒಂದು ಅರ್ಧಸ್ವರದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಏರಿರುತ್ತದೆ; ವೇಗವನ್ನು 24ಕ್ಕೆ ಇಳಿಸಿದರೆ ಗಾಯಕರ ನಿಜವಾದ ಕಂಠ ಮರಳುತ್ತದೆ, ಮತ್ತು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ತಿದ್ದುಪಡಿ ಅದೇ.

ಟಿ.ವಿ. ಪ್ರತಿ ಯಾವಾಗಲೂ ಚಿಕ್ಕದೇ ಆಗಿರಬೇಕೆಂದೂ ಇಲ್ಲ. 1978ರ ‘ಸೂಪರ್‌ಮ್ಯಾನ್’ ಚಿತ್ರಮಂದಿರದಲ್ಲಿ 143 ನಿಮಿಷದ್ದಾಗಿತ್ತು. 1982ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಅದನ್ನು ಬಹಳಷ್ಟು ಹೆಚ್ಚುವರಿ ದೃಶ್ಯಗಳೊಡನೆ ಎರಡು ರಾತ್ರಿ ಪ್ರಸಾರ ಮಾಡಿತು. 188 ನಿಮಿಷದ ರೂಪ ಅಧಿಕೃತವಾಗಿ ಬ್ಲೂ-ರೇಯಲ್ಲಿ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಆ ದೃಶ್ಯಗಳನ್ನು ಆಸಕ್ತರ ಕೈಗೆ ತಲುಪಿಸುತ್ತಿದ್ದುದು ಮನೆಮನೆಯ ರೆಕಾರ್ಡಿಂಗ್‌ಗಳೇ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಟೇಪನ್ನು 4ಕೆ ಮಾಡಿಸಿ, ಬಣ್ಣವನ್ನೂ ತುಂಬಿಸಬಹುದಲ್ಲವೇ?
— ಓದುಗರು, ಚಿಂತಾಮಣಿ

ಉತ್ತರ: ದಯವಿಟ್ಟು ಅದನ್ನು ಪುನರುಜ್ಜೀವನವೆಂದು ಕರೆಯಬೇಡಿ. ಟೇಪಿನಲ್ಲಿಲ್ಲದ ವಿವರವನ್ನು ತಂತ್ರಾಂಶ ಊಹಿಸಿ ಬರೆಯುತ್ತದೆ. ದೂರದಲ್ಲಿ ನಿಂತ ನಟಿಯ ಮುಖ ಬೇರೆ ಯಾರದೋ ಮುಖವಾಗುತ್ತದೆ, ಶೀರ್ಷಿಕೆಯಲ್ಲಿ ಬರುವ ತಂತ್ರಜ್ಞರ ಹೆಸರುಗಳ ಒತ್ತಕ್ಷರಗಳು ಅರ್ಥವಿಲ್ಲದ ಗೀಟುಗಳಾಗುತ್ತವೆ. ಬಣ್ಣದ ವಿಷಯವೂ ಹಾಗೆಯೇ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದವು, ಜನ ನೋಡಿ ಸಂತೋಷಪಟ್ಟರು. ಆದರೆ ಛಾಯಾಗ್ರಾಹಕರು ಬೆಳಕು ಹೊಂದಿಸಿದ್ದು ಕಪ್ಪು-ಬಿಳುಪಿಗೆ, ಆದ್ದರಿಂದ ಆ ರೂಪವೇ ಮೊದಲು ಉಳಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಸಿದ್ಧಪಡಿಸಿದ ಪ್ರತಿಯನ್ನು ಯೂಟ್ಯೂಬಿಗೆ ಹಾಕಬಹುದೇ?
— ಓದುಗರು, ಮಾಲೂರು

ಉತ್ತರ: ಹಕ್ಕುದಾರರ ಅನುಮತಿಯಿಲ್ಲದೆ ಹಾಕುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು, ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಅಂದರೆ 1970ರ ಚಿತ್ರಕ್ಕೆ 2030ರ ಕೊನೆಯವರೆಗೆ. ಗೀತೆಗಳ ಸಾಹಿತ್ಯಕ್ಕೆ ಲೆಕ್ಕ ಬೇರೆ, ಕವಿಯ ಮರಣಾನಂತರ 60 ವರ್ಷ. ಖಾಸಗಿ ಬಳಕೆ ಮತ್ತು ಸಂಶೋಧನೆಗೆ 52ನೇ ಕಲಮು ನ್ಯಾಯವಾದ ಮಿತಿಯಲ್ಲಿ ಅವಕಾಶ ಕೊಡುತ್ತದೆ.

ನಿರ್ಮಾಪಕರ ಕುಟುಂಬಕ್ಕೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಪತ್ರ ಬರೆಯುವುದು ಉತ್ತಮ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅಂಥ ಕೆಲಸ ನಡೆಯುವಾಗ ಎಲ್ಲಿ ಏನು ತಪ್ಪಿಹೋಗಿದೆ ಎಂಬುದಕ್ಕೆ ಟಿ.ವಿ. ಟೇಪು ಸಾಕ್ಷಿಯಾಗಬಲ್ಲದು. ಪತ್ರದ ಜೊತೆಗೆ ಪ್ರಸಾರದ ದಿನಾಂಕ ಗೊತ್ತಿದ್ದರೆ ಅದನ್ನೂ, ಬೇರೆಲ್ಲೂ ಇಲ್ಲದ ದೃಶ್ಯಗಳು ಟೇಪಿನ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಇವೆ ಎಂಬ ಪಟ್ಟಿಯನ್ನೂ ಲಗತ್ತಿಸಿ.